ಉಳ್ಳಾಗಡ್ಡಿ ತಡೆದವರು ಯಾರು?

ಪತ್ರ: 2023ರ ಡಿಸೆಂಬರ್‌ನಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಹುಬ್ಬಳ್ಳಿ ಮಾರ್ಕೆಟ್‌ಗೆ ಹೋದೆ. ರಫ್ತು ಬಂದ್ ಆಗಿ ರೇಟು ಬಿದ್ದಿತ್ತು. ಎಮ್ಮೆಲ್ಲೆಯವರು ದಿಲ್ಲಿ ಕಡೆ ಕೈ ತೋರಿಸ್ತಾರೆ, ದಲಾಲರು ಕಸ್ಟಮ್ಸ್ ಅಂತಾರೆ. ನಿಜವಾಗಿ ಇದನ್ನು ನಡೆಸುವವರು ಯಾರು?
– ರೋಣ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ: ಅಣ್ಣಾರೇ, ಇಬ್ಬರೂ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ ಅಷ್ಟೇ.

ಎಪಿಎಂಸಿ ರಾಜ್ಯದ್ದು. ಆದರೆ ಮಾಲು ದೇಶದ ಗಡಿ ದಾಟುವ ಮಾತು ಬಂತು ಅಂದರೆ ಅದು ಕೇಂದ್ರದ ವಿಷಯ, ಸಂವಿಧಾನದಲ್ಲೇ ಹಾಗೆ ಬರೆದಿದೆ. ದಿಲ್ಲಿಯಲ್ಲಿ ಇದರ ಯಜಮಾನಿಕೆ ವಾಣಿಜ್ಯ ಸಚಿವಾಲಯದ್ದು. ಅದರ ಕೈಕೆಳಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಇದೆ. ಹೆಸರು ಹೇಳೋದರಲ್ಲಿ ಚಹಾ ಆರುತ್ತದೆ, ಅದಕ್ಕೇ ವ್ಯಾಪಾರಸ್ಥರು ಡಿಜಿಎಫ್‌ಟಿ ಅಂತಾರೆ. ಯಾವ ಮಾಲು ಹೊರಗೆ ಹೋಗಬಹುದು, ಯಾವುದು ಹೋಗಬಾರದು ಅನ್ನುವ ಆದೇಶ 1992ರ ವಿದೇಶಿ ವ್ಯಾಪಾರ ಕಾಯ್ದೆಯಡಿ ಇಲ್ಲಿಂದಲೇ ಹೊರಡುತ್ತದೆ. ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರ್ ಕೊಡುವುದೂ ಇವರೇ.

ಸುಂಕ ಮಾತ್ರ ಇವರ ಕೈಯಲ್ಲಿಲ್ಲ. ಅದು ಹಣಕಾಸು ಸಚಿವಾಲಯದ ಕೆಲಸ. ಬಂದರಿನಲ್ಲಿ ಕಂಟೇನರ್ ತಡೆಯುವ ಕಸ್ಟಮ್ಸ್‌ನವರೂ ಆ ಮನೆಯವರೇ.

ಈಗ ನಿಮ್ಮ ಉಳ್ಳಾಗಡ್ಡಿಗೆ ಬರೋಣ. 2023ರ ಆಗಸ್ಟ್‌ನಲ್ಲಿ ಶೇ. 40 ರಫ್ತು ಸುಂಕ ಬಿತ್ತು, ಅದು ಹಣಕಾಸಿನವರ ಅಧಿಸೂಚನೆ. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್‌ಗಿಂತ ಕಡಿಮೆಗೆ ಹೊರಗೆ ಮಾರಬಾರದು ಅಂತಾಯಿತು, ಡಿಸೆಂಬರ್‌ನಲ್ಲಿ ಬಾಗಿಲೇ ಹಾಕಿದರು, ಇವೆರಡೂ ಡಿಜಿಎಫ್‌ಟಿಯವು. 2024ರ ಮೇನಲ್ಲಿ ಬಾಗಿಲು ತೆರೆಯಿತು, ಆದರೆ ಜೊತೆಗೇ ಶೇ. 40 ಸುಂಕ ಇತ್ತು, ಸೆಪ್ಟೆಂಬರ್‌ನಲ್ಲಿ ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಿದ್ದು 2025ರ ಏಪ್ರಿಲ್ 1ಕ್ಕೆ. ಈ ಕಾಗದಗಳಲ್ಲಿ ಒಂದೂ ಕೃಷಿ ಸಚಿವಾಲಯದಿಂದ ಹೊರಟಿದ್ದಲ್ಲ, ಗಮನಿಸಿ. ಬೆಲೆ ಏರಿತು ಅಂತ ಮೊದಲು ಗಂಟೆ ಬಾರಿಸುವುದು ಗ್ರಾಹಕ ವ್ಯವಹಾರಗಳ ಇಲಾಖೆ. ಪೇಟೆಯಲ್ಲಿ ಕೊಳ್ಳುವವನ ಕೂಗು ದಿಲ್ಲಿಗೆ ಬೇಗ ಮುಟ್ಟುತ್ತದೆ, ಬೆಳೆದವನದು ರೋಣದಲ್ಲೇ ಉಳಿಯುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಇವರ ಮೇಲೆ ಯಾರಿಲ್ವಾ ಅಂತೀರಿ. ಡಬ್ಲ್ಯೂಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆ ಇದೆ, ಆದರೆ ಆಹಾರದ ತೀವ್ರ ಕೊರತೆ ಇದ್ದರೆ ಸ್ವಲ್ಪ ಕಾಲ ರಫ್ತು ತಡೆಯಲು ಅದರ ನಿಯಮದಲ್ಲೇ ಅವಕಾಶ ಉಂಟು. ಅದನ್ನು ನಂಬಿ ಕೂರಬೇಡಿ. ಸಂಸತ್ತು ಇದೆ. ರಫ್ತು ಸುಂಕ ಏರಿಸಿದ ಅಧಿಸೂಚನೆ ಸಂಸತ್ತಿನ ಮುಂದೆ ಬರಲೇಬೇಕು. ಹಾಗಾಗಿ ಎಮ್ಮೆಲ್ಲೆ ಮನೆಗೆ ಸುಮ್ನೆ ಅಲೆಯಬೇಡಿ, ಎಂಪಿಯವರನ್ನು ಹಿಡಿಯಿರಿ.

ಅಂದರೆ ಬೆಂಗಳೂರಿಗೆ ಏನೂ ಕೆಲಸವಿಲ್ಲ ಅಂತಲ್ಲ. ಅದೇ 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ರೋಸ್ ತಳಿಯ ಉಳ್ಳಾಗಡ್ಡಿಗೆ ಶೇ. 40ರ ಸುಂಕ ಮಾಫಿ ಆಯಿತು. ಅದಕ್ಕೆ ಬೇಕಾಗಿದ್ದ ಪ್ರಮಾಣಪತ್ರ ಕೊಡುವವರು ನಮ್ಮ ರಾಜ್ಯದ ತೋಟಗಾರಿಕೆ ಆಯುಕ್ತರು. ಗದಗ ಸೀಮೆಯ ಉಳ್ಳಾಗಡ್ಡಿಗೂ ಹೀಗೊಂದು ದಾರಿ ಕೇಳಿದ್ದಿರಾ ಅಂತ ನಿಮ್ಮ ಎಮ್ಮೆಲ್ಲೆಯವರನ್ನು ಕೇಳಿ. ಏನಂದರು ಅನ್ನೋದನ್ನು ನಮಗೂ ಬರೆಯಿರಿ, ಅಚ್ಚು ಹಾಕೋಣ.