ಗುಳೆ ಬಗ್ಗೆ ಊರವರ ನಂಬಿಕೆ ಅಧ್ಯಯನ ಮಾಡುವಾಗ ಭಾವನೆ ಯಾಕೆ ಕೇಳಬೇಕು?

ಯಾದಗಿರಿ ಕಡೆಯ ಗುಳೆ ಕುರಿತು ಪ್ರಬಂಧ ಬರೆಯುತ್ತಿರುವ ನಿಮ್ಮ ಪ್ರಶ್ನೆ: ಎಲ್ಲರೂ ‘ಹೊಟ್ಟೆಪಾಡು’ ಅಂತಾರೆ, ಭಾವನೆ ಬೇರೆ ಯಾಕೆ ಕೇಳಬೇಕು?

ಕೇಳಲೇಬೇಕು. ಒಂದು ವಿಷಯದ ಬಗ್ಗೆ ಜನ ಹಂಚಿಕೊಂಡ ನಂಬಿಕೆಗಳನ್ನು ಅಧ್ಯಯನ ಮಾಡಲು ‘ಸಾಮಾಜಿಕ ಪ್ರತಿನಿಧಾನ’ (social representations) ಎಂಬ ಸಿದ್ಧಾಂತವಿದೆ; ಅದನ್ನು ಸಮಾಜ ಮನೋವಿಜ್ಞಾನಿ ಸೆರ್ಜ್ ಮೊಸ್ಕೊವಿಚಿ 1961ರಲ್ಲಿ ಮಂಡಿಸಿದರು. ಅದಕ್ಕೆ ತಿರುಳು (ತೆಗೆದರೆ ನಂಬಿಕೆಯ ಅರ್ಥವೇ ಬದಲಾಗುವ ಭಾಗ), ಅಂಚು (ಸಂದರ್ಭಕ್ಕೆ ತಕ್ಕಂತೆ ಬದಲಾಗುವ ಭಾಗ) ಎಂಬ ರಚನೆ ಕೊಟ್ಟವರು ಜ್ಯಾನ್-ಕ್ಲೋದ್ ಅಬ್ರಿಕ್. ಯಾವುದು ತಿರುಳಿಗಿಳಿಯುತ್ತದೆ, ಯಾವುದು ಬಾಯಿಗೇ ಬರುವುದಿಲ್ಲ ಎಂಬುದರಲ್ಲಿ ಭಾವನೆಯ ಪಾಲು ದೊಡ್ಡದು ಎಂದೇ ನನ್ನ ನಿಲುವು. ಮನೋರೋಗಿಗಳನ್ನು ಮನೆಯಲ್ಲಿಟ್ಟುಕೊಳ್ಳುವ ಫ್ರಾನ್ಸಿನ ಊರೊಂದನ್ನು ದೆನೀಸ್ ಜೊದಲೆ ಅಧ್ಯಯನ ಮಾಡಿದರು. ಹುಚ್ಚು ಅಂಟುವುದಿಲ್ಲ ಎನ್ನುತ್ತಿದ್ದವರೇ ರೋಗಿಗಳ ಬಟ್ಟೆ, ಪಾತ್ರೆಗಳನ್ನು ಪ್ರತ್ಯೇಕವಾಗಿ ತೊಳೆಯುತ್ತಿದ್ದರು. ಬಾಯಿಬಿಟ್ಟು ಹೇಳದ ಭಯ ಬಚ್ಚಲಲ್ಲಿ ಕಂಡಿತು.

ನೀವು ಹೀಗೆ ಮಾಡಿ. ‘ಗುಳೆ ಅಂದ್ರ ಏನೇನು ನೆನಪಾಗ್ತದ?’ ಎಂದು ಕೇಳಿ ಒಬ್ಬೊಬ್ಬರಿಂದ ಐದು ಪದ ಬರೆದುಕೊಳ್ಳಿ. ಯಾವುದು ಹೆಚ್ಚು ಮುಖ್ಯ ಎಂದು ಅವರಿಂದಲೇ ಕ್ರಮ ಹಾಕಿಸಿ. ಪ್ರತಿ ಪದಕ್ಕೂ ಒಳ್ಳೇದು, ಕೆಟ್ಟದ್ದು, ಎರಡೂ ಅಲ್ಲ ಎಂಬ ಗುರುತೂ ಅವರದ್ದೇ ಇರಲಿ. ‘ಬೆಂಗಳೂರು’ ಒಬ್ಬರಿಗೆ ಕೈತುಂಬ ಕೂಲಿ, ಇನ್ನೊಬ್ಬರಿಗೆ ತಗಡಿನ ಶೆಡ್ಡು. 60 ಜನರ 300 ಪದಗಳಲ್ಲಿ 90 ಒಳ್ಳೇದು, 150 ಕೆಟ್ಟದ್ದು ಎಂದಾದರೆ, ಒಳ್ಳೇದರಿಂದ ಕೆಟ್ಟದ್ದನ್ನು ಕಳೆದು 300ರಿಂದ ಭಾಗಿಸಿ: −0.2. ಸೊನ್ನೆಗಿಂತ ಕೆಳಗೆ ಬಂದರೆ ಒಟ್ಟಾರೆ ಭಾವ ಕೆಟ್ಟದ್ದರ ಕಡೆಗಿದೆ ಎಂದರ್ಥ.

ಎಡವುವುದು ಇಲ್ಲೇ. ಸಿಟ್ಟು, ದುಃಖ ಎರಡೂ ಆ ‘ಕೆಟ್ಟದ್ದು’ ಲೆಕ್ಕದಲ್ಲಿ ಸೇರಿಹೋಗುತ್ತವೆ. ಆದರೆ ಸಿಟ್ಟು ಹೊಣೆಗಾರರನ್ನು ಹುಡುಕುತ್ತದೆ: ಗುತ್ತೇದಾರ, ಮುಂಗಡ, ಬಾಕಿ ಕೂಲಿ. ದುಃಖ ‘ನಮ್ಮ ಹಣೆಬರಹ’ದ ಸುತ್ತ ಸುತ್ತುತ್ತದೆ. ಆದ್ದರಿಂದ ಪ್ರತಿ ಪದಕ್ಕೂ ಭಾವನೆಯ ಹೆಸರು ಕೇಳಿ. ‘ಬ್ಯಾಸರ’ ಅಂದರೆ ಅಲ್ಲಿಗೇ ಬಿಡಬೇಡಿ; ಅದು ನೋವೂ ಇರಬಹುದು, ಬರೀ ದಣಿವೂ ಇರಬಹುದು. ತಾಂಡಾದಲ್ಲಿ ಲಂಬಾಣಿ ಪದವನ್ನೇ ಬರೆದುಕೊಳ್ಳಿ, ಕನ್ನಡಕ್ಕೆ ತಿರುಗಿಸುವುದು ಆಮೇಲೆ.

ಪದೇಪದೇ ಬಂದ ಪದವೆಲ್ಲ ತಿರುಳಲ್ಲ. ‘ಸಾಲ ಇಲ್ಲದೇ ಹೋದ್ರೂ ಅದಕ್ಕ ಗುಳೆ ಅಂತೀರೇನು?’ ಎಂದು ಕೇಳಿ ನೋಡಿ. ಹೆಚ್ಚಿನವರು ‘ಇಲ್ಲ, ಅದು ನೌಕರಿ’ ಎಂದರೆ ಸಾಲ ತಿರುಳಲ್ಲಿದೆ.

ಇನ್ನು ನಾಚಿಕೆ. ಮನೆ ಯಜಮಾನ ಕಟ್ಟೆ ಮೇಲೆ ಅದನ್ನು ಹೇಳಲಾರ. ಮೊದಲು ಅವನ ಉತ್ತರ ತಗೊಳ್ಳಿ, ಆಮೇಲೆ ‘ಓಣಿಯವರು ಏನಂತಾರ?’ ಎಂದು ಮತ್ತೆ ಐದು ಪದ ಕೇಳಿ. ಎರಡನೇ ಪಟ್ಟಿಯಲ್ಲಷ್ಟೇ ಬಂದ ಪದಗಳಿಗೆ ಬೇರೆ ಕೋಷ್ಟಕ ಮಾಡಿ. ಇದನ್ನೆಲ್ಲ ಮಿರಗದ ಮಳೆಗೆ ಜನ ಊರಿಗೆ ಮರಳಿದ ಮೇಲೆ ಮಾಡಿ. ಬೇಸಿಗೆಯಲ್ಲಿ ಹೋದರೆ ಸಿಗುವವರು ಹೆಚ್ಚಾಗಿ ಮುದುಕರು, ಮಕ್ಕಳು.