16 ಜನ ಬೇಡ, 8 ಸಾಕು, ಜೊತೆಗೆ ಇಬ್ಬರು ಮೀಸಲು

ನಿಮ್ಮ ಪ್ರಶ್ನೆ ನೋಡಿದೆ. ಎಂಎಂಎ ಟೈಕೂನ್‌ನಲ್ಲಿ, ಅಂದರೆ ಮಿಶ್ರ ಸಮರಕಲೆಯ (ಎಂಎಂಎ) ಫೈಟರ್‌ಗಳನ್ನು ನಾವು ಮ್ಯಾನೇಜರ್‌ಗಳಾಗಿ ನಡೆಸುವ ಆನ್‌ಲೈನ್ ಆಟದಲ್ಲಿ, ಪಂದ್ಯ ಏರ್ಪಡಿಸುವ ಹೊಸ ಸಂಸ್ಥೆ ತೆರೆದಿದ್ದೀರಿ. ವೆಲ್ಟರ್‌ವೇಟ್ ತೂಕ ವಿಭಾಗದಲ್ಲಿ 16 ಫೈಟರ್‌ಗಳ ನಾಕೌಟ್ ಟೂರ್ನಮೆಂಟ್ ನಡೆಸಿ, ಗೆದ್ದವನಿಗೆ ಸಂಸ್ಥೆಯ ಮೊದಲ ಚಾಂಪಿಯನ್ ಬೆಲ್ಟ್ ಕೊಡುವ ಯೋಚನೆ ನಿಮ್ಮದು. ಡ್ರಾ (ಯಾರ ಎದುರು ಯಾರು ಎಂಬ ಪಟ್ಟಿ) ಹೇಗೆ ಹಾಕಲಿ, ಬಹುಮಾನ ಎಷ್ಟಿಡಲಿ ಎಂದು ಕೇಳಿದ್ದೀರಿ. ಡ್ರಾ ಹಾಕುವುದು ಹತ್ತು ನಿಮಿಷದ ಕೆಲಸ, ಅದಕ್ಕೆ ಆಮೇಲೆ ಬರುತ್ತೇನೆ. ಈ ಆಟದಲ್ಲಿ ಟೂರ್ನಮೆಂಟ್‌ಗಳು ಕೆಡುವುದು ಮೊದಲ ಹಂತ ಮುಗಿದ ಮೇಲೆ. ಒಬ್ಬ ಫೈಟರ್‌ಗೆ ಗಾಯ, ಇನ್ನೊಬ್ಬನ ಮ್ಯಾನೇಜರ್ ಲಾಗಿನ್ ಆಗಿಯೇ ಇಲ್ಲ, ಮತ್ತೊಬ್ಬರಿಗೆ ಬೇರೆ ಸಂಸ್ಥೆಯಿಂದ ದೊಡ್ಡ ಮೊತ್ತದ ಕರೆ ಬಂದಿದೆ. ಸೆಮಿಫೈನಲ್‌ಗೆ ನಾಲ್ವರು ಬೇಕಾದಲ್ಲಿ ಇಬ್ಬರೇ ಕೈಗೆ ಸಿಗುತ್ತಾರೆ.

ಮೊದಲು ಲೆಕ್ಕ ನೋಡೋಣ. 16 ಜನರ ನಾಕೌಟ್ ಎಂದರೆ 15 ಪಂದ್ಯ, ನಾಲ್ಕು ಹಂತ. ಎಲ್ಲ ಹಂತಗಳನ್ನು ಸೇರಿಸಿದರೆ ಫೈಟರ್‌ಗಳು ಒಟ್ಟು 30 ಸಲ ಕಣಕ್ಕೆ ಇಳಿಯಬೇಕು. ಪ್ರತಿ ಸಲವೂ ಒಬ್ಬ ಫೈಟರ್ ತಪ್ಪದೆ ಬರುವ ಸಾಧ್ಯತೆ ನೂರಕ್ಕೆ 95 ಎಂದು ಉದಾರವಾಗಿಯೇ ಹಿಡಿಯೋಣ. ಆದರೂ 30 ಸಲವೂ ಯಾರೂ ಕೈಕೊಡದಿರುವ ಸಾಧ್ಯತೆ ನೂರಕ್ಕೆ 21 ಮಾತ್ರ. 8 ಜನರಾದರೆ 7 ಪಂದ್ಯ, ಮೂರು ಹಂತ, ಕಣಕ್ಕಿಳಿಯುವುದು 14 ಸಲ. ಆಗ ಸಾಧ್ಯತೆ ನೂರಕ್ಕೆ 49ರ ಹತ್ತಿರ ಬರುತ್ತದೆ. ಅಂದರೆ 8 ಜನರನ್ನು ಇಟ್ಟುಕೊಂಡರೂ ಅರ್ಧ ಟೂರ್ನಮೆಂಟ್‌ಗಳಲ್ಲಿ ಯಾರಾದರೂ ಒಬ್ಬರು ತಪ್ಪಿಸಿಕೊಂಡೇ ತೀರುತ್ತಾರೆ. ಹೊಸ ಸಂಸ್ಥೆಗೆ 16ರ ಗೊಡವೆ ಬೇಡ ಎನ್ನುವುದು ಇದಕ್ಕೇ.

ನಿಜವಾದ ಅಖಾಡದ ಕಥೆಯೂ ಬೇರೆಯೇನಲ್ಲ. 1994ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಷಾರ್ಲಟ್‌ನಲ್ಲಿ ಯುಎಫ್‌ಸಿ ಎಂಬ ಎಂಎಂಎ ಸಂಸ್ಥೆಯ ಮೂರನೇ ಕೂಟ, ಯುಎಫ್‌ಸಿ 3, ನಡೆಯಿತು. ಒಂದೇ ರಾತ್ರಿಯ ಎಂಟು ಜನರ ಟೂರ್ನಮೆಂಟ್ ಅದು. ರಾಯ್ಸ್ ಗ್ರೇಸಿ ಮೊದಲ ಪಂದ್ಯ ಗೆದ್ದರೂ ದಣಿವಿನಿಂದ ಹಿಂದೆ ಸರಿದರು. ಕೆನ್ ಶ್ಯಾಮ್‌ರಾಕ್ ಸೆಮಿಫೈನಲ್ ಗೆದ್ದರೂ ಫೈನಲ್‌ಗೆ ಬರಲಿಲ್ಲ. ಅವರ ಜಾಗಕ್ಕೆ ಮೀಸಲಿನಲ್ಲಿದ್ದ ಸ್ಟೀವ್ ಜೆನಮ್ ಎಂಬ ಪೊಲೀಸ್ ಅಧಿಕಾರಿ ಬಂದರು, ಹೆರಾಲ್ಡ್ ಹೊವಾರ್ಡ್ ಅವರನ್ನು ಸೋಲಿಸಿ ಚಾಂಪಿಯನ್ ಆದರು. ಆ ರಾತ್ರಿ ಅವರು ಆಡಿದ್ದು ಅದೊಂದೇ ಪಂದ್ಯ! 2021ರಲ್ಲಿ ನಮ್ಮ ರಿತು ಫೋಗಟ್ ಫೈನಲ್ ತಲುಪಿದ ಒನ್ ಚಾಂಪಿಯನ್‌ಶಿಪ್ ಎಂಬ ಎಂಎಂಎ ಸಂಸ್ಥೆಯ ಆಟಮ್‌ವೇಟ್ (ಅತಿ ಹಗುರ ತೂಕದ) ಗ್ರ್ಯಾನ್ ಪ್ರೀ ಟೂರ್ನಮೆಂಟನ್ನೇ ನೋಡಿ. ಅದರ ಎರಡೂ ಸೆಮಿಫೈನಲ್‌ಗಳಲ್ಲಿ ಒಂದು ಕಡೆ ಬದಲಿ ಆಟಗಾರ್ತಿ ಇದ್ದರು. ಸಂಬಳ ಕೊಟ್ಟು, ವೈದ್ಯರನ್ನಿಟ್ಟು ನಡೆಸುವವರ ಪಾಡೇ ಹೀಗಿರುವಾಗ, ಕಚೇರಿ ಕೆಲಸದ ನಡುವೆ ಆಟ ನೋಡಿಕೊಳ್ಳುವ ಮ್ಯಾನೇಜರ್‌ಗಳಿಂದ ನೀವು ಹೆಚ್ಚು ನಿರೀಕ್ಷಿಸುವಂತಿಲ್ಲ.

ಹಾಗಾಗಿ ಮೀಸಲು ಫೈಟರ್‌ಗಳನ್ನು ಮೊದಲ ದಿನವೇ ಗೊತ್ತುಮಾಡಿ. ಆದರೆ ಜೆನಮ್ ಮಾದರಿಯಲ್ಲಿ ಬೇಡ. ಕುಳಿತಲ್ಲಿಂದ ಎದ್ದು ಬಂದು ಬೆಲ್ಟ್ ಒಯ್ದರೆ ಉಳಿದ ಮ್ಯಾನೇಜರ್‌ಗಳು ನಿಮ್ಮ ಮುಂದಿನ ಟೂರ್ನಮೆಂಟ್ ಕಡೆ ತಲೆ ಹಾಕುವುದಿಲ್ಲ. ಸ್ಟ್ರೈಕ್‌ಫೋರ್ಸ್ ಎಂಬ ಎಂಎಂಎ ಸಂಸ್ಥೆಯ ಹೆವಿವೇಟ್ ಗ್ರ್ಯಾನ್ ಪ್ರೀಯಲ್ಲಿ ಮಾಡಿದ ರೀತಿ ನನಗೆ ಇಷ್ಟ. ಅಲ್ಲಿ ಮೀಸಲು ಆಟಗಾರರಿಗೂ ಪ್ರತ್ಯೇಕ ಪಂದ್ಯವಿತ್ತು. ಡೇನಿಯಲ್ ಕಾರ್ಮಿಯರ್ 2011ರ ಜೂನ್‌ನಲ್ಲಿ ಜೆಫ್ ಮಾನ್ಸನ್ ಅವರನ್ನು ಸೋಲಿಸಿ ಅರ್ಹತೆ ಪಡೆದರು. ಅಲಿಸ್ಟೇರ್ ಓವರೀಮ್ ಹೊರಬಿದ್ದಾಗ ಒಳಬಂದು ಸೆಮಿಫೈನಲ್ ಗೆದ್ದರು, 2012ರ ಮೇ ತಿಂಗಳಲ್ಲಿ ಜೋಶ್ ಬಾರ್ನೆಟ್ ಅವರನ್ನು ಮಣಿಸಿ ಪ್ರಶಸ್ತಿಯನ್ನೂ ಗೆದ್ದರು. ಅದನ್ನು ಅನ್ಯಾಯವೆಂದು ಯಾರೂ ಹೇಳುವಂತಿರಲಿಲ್ಲ. ನೀವೂ ಕ್ವಾರ್ಟರ್ ಫೈನಲ್ ನಡೆಯುವ ಕಾರ್ಡ್‌ನಲ್ಲೇ (ಒಂದು ದಿನದ ಪಂದ್ಯಗಳ ಪಟ್ಟಿಯಲ್ಲೇ) ಐದನೆಯದಾಗಿ ಒಂದು ಮೀಸಲು ಪಂದ್ಯ ಇಡಿ. ಗೆದ್ದವನು ಮೊದಲ ಮೀಸಲು. ಸೆಮಿಫೈನಲ್‌ಗೆ ಇನ್ನೂ ಒಬ್ಬರು ತಪ್ಪಿದರೆ, ತಪ್ಪಿಸಿಕೊಂಡವನ ಕೈಯಲ್ಲಿ ಸೋತಿದ್ದ ಫೈಟರ್ ಒಳಬರಲಿ. ಫೈನಲ್‌ಗೂ ಇದೇ ಕ್ರಮ. ಒಟ್ಟು 10 ಫೈಟರ್‌ಗಳು, 8 ಪಂದ್ಯಗಳು.

ಅದೇ ಗ್ರ್ಯಾನ್ ಪ್ರೀ 2011ರ ಫೆಬ್ರವರಿಯಲ್ಲಿ ಶುರುವಾಗಿ ಮುಗಿಯಲು 15 ತಿಂಗಳು ಹಿಡಿಯಿತು ಎಂಬುದನ್ನೂ ಮರೆಯಬೇಡಿ. ಅಷ್ಟು ಎಳೆದರೆ ನಮ್ಮ ಆಟದಲ್ಲಿ ಫೈಟರ್‌ಗಳ ಹೈಪ್ (ಅವರ ಬಗ್ಗೆ ಇರುವ ಕುತೂಹಲದ ಮಟ್ಟ) ಇಳಿದುಹೋಗುತ್ತದೆ, ಮ್ಯಾನೇಜರ್‌ಗಳ ಆಸಕ್ತಿ ಅದಕ್ಕೂ ಮೊದಲೇ ಇಳಿದಿರುತ್ತದೆ. ಹಾಗೆಂದು ಗಡಿಬಿಡಿ ಮಾಡಿದರೆ ಗಾಯಾಳುಗಳು ಕಣಕ್ಕಿಳಿಯುತ್ತಾರೆ. ಈ ಅಂತರವನ್ನು ಎಷ್ಟಿಡಬೇಕು ಎಂಬುದೇ ಇಡೀ ಟೂರ್ನಮೆಂಟಿನ ಜೀವಾಳ.

ಹಿಂದೆ ನಡೆಸಿದ ಒಂದು ಕ್ವಾರ್ಟರ್ ಫೈನಲ್‌ಗೆ ಆಟವೇ ಬರೆದುಕೊಟ್ಟ ಪಂದ್ಯ ವಿವರಣೆಯನ್ನು ಇನ್ನೂ ಉಳಿಸಿಕೊಂಡಿದ್ದೇನೆ. ಒಬ್ಬ ಕುಸ್ತಿಯಲ್ಲಿ ಗಟ್ಟಿಗ, ಇನ್ನೊಬ್ಬ ಬಾಕ್ಸಿಂಗ್‌ನಲ್ಲಿ. ಕುಸ್ತಿಯವನ ಮ್ಯಾನೇಜರ್ ಫೈಟ್ ಪ್ಲಾನ್‌ನಲ್ಲಿ (ಫೈಟರ್ ಹೇಗೆ ಆಡಬೇಕೆಂದು ಮೊದಲೇ ಹೊಂದಿಸಿಡುವ ಯೋಜನೆಯಲ್ಲಿ) ಟೇಕ್‌ಡೌನ್, ಅಂದರೆ ಎದುರಾಳಿಯನ್ನು ಕೆಳಗೆ ಕೆಡಹುವ, ಸ್ಲೈಡರನ್ನು ತುತ್ತತುದಿಗೆ ಎಳೆದಿದ್ದರು. ಮೊದಲ ಸುತ್ತಿನಲ್ಲಿ ಅವನು ಕಾಲಿಗೆ ನುಗ್ಗುತ್ತಾನೆ, ಎದುರಾಳಿ ಸೊಂಟ ಹಿಂದಕ್ಕೆ ಎಸೆದು ತಪ್ಪಿಸಿಕೊಳ್ಳುತ್ತಾನೆ. ಮತ್ತೆ ನುಗ್ಗುತ್ತಾನೆ, ಮತ್ತೆ ತಪ್ಪುತ್ತದೆ. ಎರಡನೇ ಸುತ್ತಿನಲ್ಲಿ ಕೊನೆಗೂ ಕೆಳಗೆ ಕೆಡವಿ ಗಾರ್ಡ್‌ನೊಳಗಿಂದ (ಕೆಳಗೆ ಬಿದ್ದವನ ಕಾಲುಗಳ ನಡುವಿನಿಂದ) ಗುದ್ದುತ್ತಾನೆ. ಮೂರನೆಯದರಲ್ಲಿ ಇಬ್ಬರಿಗೂ ಉಸಿರಿಲ್ಲ. ಬೇಲಿಗೊರಗಿ ಅಪ್ಪಿಕೊಂಡೇ ಅರ್ಧ ಸುತ್ತು ಕಳೆಯಿತು. ತೀರ್ಪುಗಾರರು ಕುಸ್ತಿಯವನಿಗೆ ಗೆಲುವು ಕೊಟ್ಟರು. ಅವನ ಪುಟ ತೆರೆದು ನೋಡಿದರೆ ಮೈ ತುಂಬ ಪೆಟ್ಟು. ಡ್ರಾದ ಪಕ್ಕದ ಜೋಡಿಯಲ್ಲಿ ಗೆದ್ದವನೋ ಒಂದು ನಿಮಿಷದೊಳಗೆ ನಾಕೌಟ್ ಮಾಡಿ, ಮರುದಿನವೇ ಜಿಮ್‌ನಲ್ಲಿ ತರಬೇತಿಗೆ ನಿಂತಿದ್ದ. ಸೆಮಿಫೈನಲ್‌ನಲ್ಲಿ ಏನಾಯಿತೆಂದು ಹೇಳಬೇಕಾಗಿಲ್ಲ.

ಇದಕ್ಕೆ ದೊಡ್ಡ ನಿದರ್ಶನ 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ನಡೆದ, ಜಪಾನಿನ ಪ್ರೈಡ್ ಸಂಸ್ಥೆಯ ಗ್ರ್ಯಾನ್ ಪ್ರೀ. ಕಜುಷಿ ಸಕುರಾಬಾ ಕ್ವಾರ್ಟರ್ ಫೈನಲ್‌ನಲ್ಲಿ ರಾಯ್ಸ್ ಗ್ರೇಸಿ ಜೊತೆ 15 ನಿಮಿಷದ ಆರು ಸುತ್ತು, ಅಂದರೆ ಪೂರ್ತಿ 90 ನಿಮಿಷ ಹೋರಾಡಿ ಗೆದ್ದರು. ಅದೇ ರಾತ್ರಿ ತಮಗಿಂತ ಬಹಳ ಭಾರದ ಇಗೊರ್ ವೊವ್‌ಚಾಂಚಿನ್ ಎದುರು ಸೆಮಿಫೈನಲ್‌ಗೆ ಇಳಿದರು. 15 ನಿಮಿಷವಾದ ಮೇಲೆ ಅವರ ಕಡೆಯವರು ಪಂದ್ಯ ಬಿಟ್ಟುಕೊಟ್ಟರು. ಇನ್ನೊಂದು ಸೆಮಿಫೈನಲ್‌ನಲ್ಲಿ ಗಾಯಗೊಂಡಿದ್ದ ಕಜುಯುಕಿ ಫುಜಿತಾ ಅವರ ಕಡೆಯವರು ಗಂಟೆ ಬಾರಿಸಿದ ಕೂಡಲೇ ಟವೆಲ್ ಎಸೆದರು. ಹಾಗೆ ಸೆಮಿಫೈನಲ್‌ನಲ್ಲಿ ದಣಿಯದೆ ಫೈನಲ್‌ಗೆ ಬಂದ ಮಾರ್ಕ್ ಕೋಲ್ಮನ್ ಪ್ರಶಸ್ತಿ ಗೆದ್ದರು. ಕೋಲ್ಮನ್ ದೊಡ್ಡ ಆಟಗಾರರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಾತ್ರಿಯ ನೆನಪು ಎಂದರೆ ಇಂದಿಗೂ ಜನ ಮೊದಲು ಹೇಳುವುದು ಸಕುರಾಬಾ ಹೆಸರನ್ನೇ.

ನಿಮಗೆ ನನ್ನ ಸಲಹೆ: ಕ್ವಾರ್ಟರ್ ಫೈನಲ್‌ಗಳೆಲ್ಲ ಒಂದೇ ಕಾರ್ಡ್‌ನಲ್ಲಿ ಮುಗಿಯಲಿ. ಬೇರೆ ಬೇರೆ ವಾರ ಇಟ್ಟರೆ ಮೊದಲು ಆಡಿದವನಿಗೆ ಹೆಚ್ಚು ವಿಶ್ರಾಂತಿ ಸಿಗುತ್ತದೆ. ಪಂದ್ಯ ಮುಗಿದ ಮೇಲೆ ನಾಲ್ವರು ವಿಜೇತರ ಗಾಯದ ಸ್ಥಿತಿ ನೋಡಿ, ಅವರಲ್ಲಿ ಅತಿ ಹೆಚ್ಚು ಪೆಟ್ಟು ತಿಂದವನು ಗುಣವಾಗುವ ದಿನಕ್ಕೆ ಮತ್ತಷ್ಟು ದಿನ ಸೇರಿಸಿ ಸೆಮಿಫೈನಲ್ ದಿನಾಂಕ ಇಡಿ. ಗುಣವಾದ ಕೂಡಲೇ ಕಣಕ್ಕಿಳಿಸಬಾರದು, ಅವನಿಗೂ ಒಂದಿಷ್ಟು ತರಬೇತಿ ಮಾಡಿ, ಮತ್ತೆ ವಿಶ್ರಾಂತಿ ಪಡೆದು ಎನರ್ಜಿಯನ್ನು ಪೂರ್ಣಕ್ಕೆ ತರಲು ಸಮಯ ಬೇಕು. ಆದರೆ ಕಾಯುವುದಕ್ಕೂ ಒಂದು ಗರಿಷ್ಠ ಮಿತಿ ಇರಲಿ. ಮಿತಿ ದಾಟಿದರೆ ಮೀಸಲು ಒಳಗೆ. ಆ ಮಿತಿಯನ್ನು ಟೂರ್ನಮೆಂಟ್ ಘೋಷಿಸುವ ದಿನವೇ ಬರೆದು ಹಾಕಿ. ಗಾಯವಾದ ಮೇಲೆ ನಿಯಮ ಬರೆದರೆ, ಅದು ಎಷ್ಟೇ ನ್ಯಾಯವಾಗಿದ್ದರೂ, ಯಾರದೋ ಪರ ಬರೆದಂತೆಯೇ ಕಾಣುತ್ತದೆ.

ಇನ್ನು ಯಾರನ್ನು ಸೇರಿಸಿಕೊಳ್ಳಬೇಕು ಎಂಬ ವಿಷಯ. ಹಳೆಯ ಫೈಟರ್‌ಗಳು ಹೆಚ್ಚು ಕಾಲ ತರಬೇತಿ ಪಡೆದಿರುತ್ತಾರೆ, ಹಾಗಾಗಿ ಫೈಟರ್ ಐಡಿ ಸಂಖ್ಯೆಗೆ (ಫೈಟರ್ ಸೃಷ್ಟಿಯಾದ ಕ್ರಮದಲ್ಲಿ ಸಿಗುವ ಸಂಖ್ಯೆಗೆ) ಮಿತಿ ಹಾಕುವುದು ಆಟದಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ನೀವೂ ಹಾಕಿ, ಮಿತಿ ಸ್ವಲ್ಪ ಬಿಗಿಯಾಗಿಯೇ ಇರಲಿ. ಸೋಲು ಗೆಲುವಿನ ದಾಖಲೆಯನ್ನು ನಂಬಿ ಫೈಟರ್‌ಗಳನ್ನು ಆರಿಸಬೇಡಿ. ದುರ್ಬಲರ ಮೇಲೆ ಹತ್ತು ಗೆಲುವು ಕಟ್ಟಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಯಾರ ಮೇಲೆ ಗೆದ್ದ ಎಂದು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ. ಅದಕ್ಕಿಂತ ಮುಖ್ಯವಾಗಿ ಮ್ಯಾನೇಜರ್ ಎಷ್ಟು ದಿನಕ್ಕೊಮ್ಮೆ ಆಟಕ್ಕೆ ಬರುತ್ತಾರೆ ಎಂದು ವಿಚಾರಿಸಿ. ಪಂದ್ಯದ ಆಹ್ವಾನ ಕಳಿಸಿದಾಗ ಎರಡು ದಿನದಲ್ಲಿ ಒಪ್ಪಿಗೆ ಕೊಟ್ಟ ಸಾಧಾರಣ ಫೈಟರ್, ಒಂದು ವಾರ ಸುಮ್ಮನಿದ್ದ ಘಟಾನುಘಟಿಗಿಂತ ನಿಮಗೆ ಲಾಭ.

ಒಬ್ಬ ಮ್ಯಾನೇಜರ್‌ಗೆ ಒಬ್ಬನೇ ಫೈಟರ್. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಇಬ್ಬರನ್ನು ಡ್ರಾದ ಎರಡು ತುದಿಯಲ್ಲಿ ಇಡುತ್ತೇನೆ ಎಂದು ಕೆಲವರು ಹೇಳುತ್ತಾರೆ. ಇಬ್ಬರೂ ಫೈನಲ್‌ಗೆ ಬಂದರೆ ಎರಡು ಫೈಟ್ ಪ್ಲಾನನ್ನೂ ಒಂದೇ ಕೈ ಬರೆಯುತ್ತದೆ, ಬೆಲ್ಟ್ ಯಾರಿಗೆ ಎಂದು ಆ ಕೈಯೇ ತೀರ್ಮಾನಿಸುತ್ತದೆ.

ಡ್ರಾ ವಿಷಯಕ್ಕೆ ಬಂದೆ. ನಾಲ್ವರಿಗೆ ಮಾತ್ರ ಶ್ರೇಯಾಂಕ ಕೊಡಿ, ಉಳಿದ ನಾಲ್ವರ ಜಾಗವನ್ನು ಚೀಟಿ ಎತ್ತಿ ತುಂಬಿಸಿ. ಮೇಲಿನ ಅರ್ಧದಲ್ಲಿ ಒಂದನೇ ಮತ್ತು ನಾಲ್ಕನೇ ಶ್ರೇಯಾಂಕ, ಕೆಳಗಿನ ಅರ್ಧದಲ್ಲಿ ಎರಡು ಮತ್ತು ಮೂರು. ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟುವುದನ್ನು ನೋಡಿದವರಿಗೆ ಎಲ್ಲ ಜೋಡಿಯೂ ಸರಿಸಮ ಇರಬೇಕು ಅನ್ನಿಸುವುದು ಸಹಜ. ಒಂಟಿ ಪಂದ್ಯಗಳ ಕಾರ್ಡ್‌ಗೆ ಅದು ಒಳ್ಳೆಯ ಕ್ರಮವೇ. ಟೂರ್ನಮೆಂಟ್‌ನಲ್ಲಿ ಹಾಗೆ ಮಾಡಿದರೆ ಬಲಶಾಲಿಗಳು ಮೊದಲ ದಿನವೇ ಪರಸ್ಪರ ಹೊಡೆದುಕೊಂಡು ಮುಗಿಯುತ್ತಾರೆ. ಸೆಮಿಫೈನಲ್‌ಗೆ ಮತ್ತೆ ಹೊಸ ಡ್ರಾ ಹಾಕಬೇಡಿ. ಮುಂದಿನ ಎದುರಾಳಿ ಈ ಇಬ್ಬರಲ್ಲಿ ಒಬ್ಬ ಎಂದು ತಿಳಿದಿದ್ದರೆ ಮ್ಯಾನೇಜರ್‌ಗಳು ಅವರ ಪಂದ್ಯ ವಿವರಣೆ ಓದಿ, ಅದಕ್ಕೆ ತಕ್ಕಂತೆ ತರಬೇತಿ ಬದಲಿಸುತ್ತಾರೆ. ಟೂರ್ನಮೆಂಟಿನ ಅರ್ಧ ಮಜಾ ಅಲ್ಲೇ ಇದೆ.

ಪಂದ್ಯ ಸಮನಾದರೆ? ತೀರ್ಪುಗಾರರ ಅಂಕ ಮೂರು ಸುತ್ತಿಗೆ 10-8, 9-10, 9-10 ಎಂದು ಬಂದರೆ ಒಟ್ಟು 28-28. ಅಪರೂಪ, ಆದರೆ ಆಗುತ್ತದೆ. ಹೆಚ್ಚುವರಿ ಸುತ್ತು ಆಡಿಸಲು ನಮಗೆ ದಾರಿಯಿಲ್ಲ, ಮರುಪಂದ್ಯ ಇಟ್ಟರೆ ವೇಳಾಪಟ್ಟಿ ಹಾಳು. ಕೆಳಗಿನ ಶ್ರೇಯಾಂಕದವನು ಮುಂದಕ್ಕೆ ಹೋಗಲಿ ಎಂದು ಬರೆಯಿರಿ. ಮೇಲಿನವನಿಗೆ ಡ್ರಾದಲ್ಲಿ ಆಗಲೇ ಅನುಕೂಲ ಕೊಟ್ಟಾಗಿದೆ. ಇಬ್ಬರಿಗೂ ಶ್ರೇಯಾಂಕ ಇಲ್ಲದಿದ್ದರೆ ಚೀಟಿಯಲ್ಲಿ ಕೊನೆಗೆ ಬಂದವನು. ನಾಕೌಟ್ ಪದ್ಧತಿಯೇ ಬೇಡ ಎನಿಸಿದರೆ ಪಿಎಫ್‌ಎಲ್ ಎಂಬ ಎಂಎಂಎ ಲೀಗ್ 2018ರಲ್ಲಿ ತಂದ ಅಂಕಗಳ ಪದ್ಧತಿ ಇದೆ: ಗೆಲುವಿಗೆ 3 ಅಂಕ, ಮೊದಲ ಸುತ್ತಿನಲ್ಲೇ ಮುಗಿಸಿದರೆ ಇನ್ನೂ 3, ಎರಡನೆಯದರಲ್ಲಿ 2, ಮೂರನೆಯದರಲ್ಲಿ 1. ಪ್ರತಿಯೊಬ್ಬರಿಗೂ ಎರಡು ಪಂದ್ಯ ಕೊಟ್ಟು, ಹೆಚ್ಚು ಅಂಕ ಪಡೆದ ನಾಲ್ವರನ್ನು ಸೆಮಿಫೈನಲ್‌ಗೆ ತರಬಹುದು. ಚೆನ್ನಾಗಿರುತ್ತದೆ, ಆದರೆ ಅದು ಎರಡನೇ ವರ್ಷದ ಕೆಲಸ.

ಹಣದ ಬಗ್ಗೆ ನೀವು ಬರೆದದ್ದು ಓದಿ ಸ್ವಲ್ಪ ಗಾಬರಿಯಾಯಿತು. ಖಜಾನೆಯ ಬಹುಪಾಲು ವಿಜೇತನ ಬಹುಮಾನಕ್ಕೆ ಎಂದಿದ್ದೀರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಾಗುತ್ತದೆ. ಎಂಟು ಜನರಲ್ಲಿ ಏಳು ಜನ ಸೋಲುತ್ತಾರೆ, ಅವರು ಉಳಿದರೆ ಮಾತ್ರ ನಿಮ್ಮ ಸಂಸ್ಥೆ ಉಳಿಯುತ್ತದೆ. ಪಂದ್ಯಕ್ಕೆ ಬಂದದ್ದಕ್ಕೇ ಕೊಡುವ ಮೊತ್ತ ಎಲ್ಲರಿಗೂ ಸಮಾನವಾಗಿರಲಿ, ಗೆಲುವಿನ ಬೋನಸ್ ಪ್ರತಿ ಹಂತಕ್ಕೂ ಏರಲಿ. ಎಲ್ಲರಿಗೂ ಮೂರು ಪಂದ್ಯಗಳ ಒಪ್ಪಂದ ಮಾಡಿಕೊಳ್ಳಿ. ಮೊದಲ ಹಂತದಲ್ಲಿ ಸೋತವರಿಗೆ ಎರಡು ಪಂದ್ಯ ಉಳಿದಿರುತ್ತದೆ. ಅವರನ್ನು ಸೆಮಿಫೈನಲ್ ಕಾರ್ಡ್‌ನಲ್ಲಿ ಪರಸ್ಪರ ಆಡಿಸಿ. ಕಾರ್ಡ್ ತುಂಬುತ್ತದೆ, ಬದಲಿ ಬೇಕಾದಾಗ ತರಬೇತಿಯಲ್ಲಿರುವ ಫೈಟರ್ ಪಕ್ಕದಲ್ಲೇ ಸಿಗುತ್ತಾನೆ.

ಮ್ಯಾನೇಜರ್‌ಗಳು ಬೇರೆ ಬೇರೆ ದೇಶದಲ್ಲಿರುವಾಗ ಸಮಯದ ಗೊಂದಲ ಬೇರೆ. ಭಾರತದಲ್ಲಿ ರಾತ್ರಿ 9 ಗಂಟೆ ಎಂದರೆ ದುಬೈನಲ್ಲಿ 7.30. ನ್ಯೂಜೆರ್ಸಿಯಲ್ಲಿ ಬೇಸಿಗೆಯಾದರೆ ಬೆಳಿಗ್ಗೆ 11.30, ಚಳಿಗಾಲದಲ್ಲಿ 10.30. ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಬದಲಾಗುತ್ತದೆ, ನಿಮ್ಮ ಫೈನಲ್ ಆ ಹೊತ್ತಿಗೇ ಬೀಳುವಂತಿದೆ. ಪ್ರತಿ ಪ್ರಕಟಣೆಯಲ್ಲೂ ಆಟದ ಸರ್ವರ್ ಸಮಯವನ್ನು ಮೊದಲು ಬರೆದು, ಪಕ್ಕದಲ್ಲಿ ಭಾರತದ ಸಮಯ ಹಾಕಿ.

ಆಹ್ವಾನದ ಜೊತೆ ಕಳಿಸಲು ಇಷ್ಟು ಸಾಲು ಸಾಕು: "ಪಂದ್ಯದ ಆಹ್ವಾನಕ್ಕೆ 48 ಗಂಟೆಯೊಳಗೆ ಒಪ್ಪಿಗೆ ಬರದಿದ್ದರೆ ಸ್ಥಾನ ಮೀಸಲು ಫೈಟರ್‌ಗೆ ಹೋಗುತ್ತದೆ. ಗಾಯಕ್ಕಾಗಿ ಕಾಯುವ ಗರಿಷ್ಠ ಅವಧಿ ಮೊದಲೇ ತಿಳಿಸಿದಷ್ಟು. ಪಂದ್ಯ ಸಮನಾದರೆ ಕೆಳಗಿನ ಶ್ರೇಯಾಂಕದವರು ಮುಂದಕ್ಕೆ. ಒಬ್ಬ ಮ್ಯಾನೇಜರ್, ಒಬ್ಬ ಫೈಟರ್. ಆಯೋಜಕರ ಸ್ವಂತ ಫೈಟರ್ ಭಾಗವಹಿಸುವುದಿಲ್ಲ." ಕೊನೆಯ ಸಾಲು ನಿಮಗೆ ಕಹಿ ಎನಿಸಬಹುದು, ನಿಮ್ಮ ವೆಲ್ಟರ್‌ವೇಟ್ ಹುಡುಗ ಚೆನ್ನಾಗಿಯೇ ಆಡುತ್ತಾನೆ. ಅವನನ್ನು ಬೆಲ್ಟ್‌ನ ಮೊದಲ ಸವಾಲುಗಾರನಾಗಿ ಆಮೇಲೆ ಇಳಿಸಿ.

ಗಾಯದ ಮಿತಿ ಎಷ್ಟು ದಿನ ಎಂದು ನೀವು ತೀರ್ಮಾನಿಸಿ ಕರಡನ್ನು ಇಲ್ಲೇ ಹಾಕಿ, ಉಳಿದವರೂ ನೋಡಲಿ. ಐಡಿ ಮಿತಿಯೊಳಗೆ ಬರುವುದಾದರೆ ಮೀಸಲು ಪಂದ್ಯಕ್ಕೆ ನನ್ನ ಒಬ್ಬ ಫೈಟರ್ ಸಿದ್ಧನಿದ್ದಾನೆ. ಸಂಖ್ಯೆಯನ್ನು ಸಂದೇಶದಲ್ಲಿ ಕಳಿಸುತ್ತೇನೆ.