ನಿವೃತ್ತಿಗೆ ಫೀನಿಕ್ಸ್: ಮನೆ ಕೊಳ್ಳುವ ಮೊದಲು

ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರಕ್ಕೆ ನಿವೃತ್ತರು ಮುಂದೆಯೂ ಬರುತ್ತಾರಾ, ಈಗ ಕೊಂಡ ಮನೆ ಆಮೇಲೆ ಮಾರಬಹುದಾ ಅಂತ ಕೇಳಿದ್ದೀರಿ. ಜನ ಹಿಂಜರಿದರೆ ಅದು ಮೊದಲು ಬಿಸಿಲಿಗೆ, ಆಮೇಲೆ ನೀರಿಗೆ. 2023ರಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ ಸುಮಾರು 43 ಸೆಲ್ಸಿಯಸ್.

ಮೊದಲು ಅಲ್ಲಿನ ಕಡು ಬೇಸಿಗೆಯಾದ ಜುಲೈನಲ್ಲಿ ಒಂದು ತಿಂಗಳು ಬಾಡಿಗೆಗೆ ಇದ್ದು ನೋಡಿ. ಜನವರಿಯಲ್ಲಿ ನೋಡಿದರೆ ಯಾರಿಗಾದರೂ ಇಷ್ಟವಾಗುತ್ತೆ, ನಾವೂ ಹಾಗೇ ಮೋಸ ಹೋದವರು! ಬೇಸಿಗೆಯ ಕರೆಂಟ್ ಬಿಲ್ ಕೇಳಿ ಪಡೆಯಿರಿ. ಆಮೇಲೆ ನೀರು ನಗರದ ನಲ್ಲಿಯದಾ, ಬಾವಿಯದಾ, ಟ್ಯಾಂಕರ್‌ನದಾ ಅಂತ ವಿಚಾರಿಸಿ. ಫೀನಿಕ್ಸ್ ಹತ್ತಿರದ ರಿಯೋ ವರ್ಡೆ ಫುಟ್‌ಹಿಲ್ಸ್ ಎಂಬ ಬಡಾವಣೆಯವರಿಗೆ ಪಕ್ಕದ ಸ್ಕಾಟ್ಸ್‌ಡೇಲ್ ನಗರದಿಂದ ಬರುತ್ತಿದ್ದ ಟ್ಯಾಂಕರ್ ನೀರು 2023ರ ಜನವರಿಯಲ್ಲಿ ನಿಂತೇ ಹೋಯಿತು.

ಫೀನಿಕ್ಸ್ ಪಕ್ಕದ ಸನ್ ಸಿಟಿಯಂಥ ನಿವೃತ್ತರ ಬಡಾವಣೆಗಳಲ್ಲಿ ಮನೆಯಲ್ಲಿ ಒಬ್ಬರಿಗಾದರೂ 55 ವರ್ಷ ತುಂಬಿರಬೇಕು, ಹಾಗಾಗಿ ಮಾರುವಾಗ ಗಿರಾಕಿ ಕಡಿಮೆ. ಹತ್ತು ವರ್ಷ ಬೇಡಿಕೆ ಇರಬಹುದು ಅಂತ ನನ್ನ ಅಂದಾಜು, ಖಾತ್ರಿಯಲ್ಲ. ಜುಲೈ ಕಳೆದ ಮೇಲೂ ಮನಸ್ಸಿದ್ದರೆ ನಗರದ ನೀರಿರುವ ಹಳೇ ಬಡಾವಣೆಯಲ್ಲೇ ಕೊಳ್ಳಿ.